ಮಧುಕುಮಾರನ ವಯಸ್ಸು

ಎರಡನ್ನು ಪಕ್ಕಪಕ್ಕ ನಿಲ್ಲಿಸಿ ಯಾವುದು ಮೇಲು ಎಂದು ಕೇಳುವ ಚಟ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಹಿಂದೆ ಹೋರಿಗಳನ್ನು ನಿಲ್ಲಿಸಿ ಕೇಳುತ್ತಿದ್ದರು, ಈಗ ಹುಡುಗರನ್ನು ನಿಲ್ಲಿಸಿ ಕೇಳುತ್ತಾರೆ. ಜಿಲ್ಲೆಗೆ ಹೊಸ ಹೆಸರು ಬಂದಿದೆ, ಚಟ ಮಾತ್ರ ಹಳೆಯದೇ.

ಚನ್ನಪಟ್ಟಣದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಸ್ವಾಮಿ ಎಂಬಾತ ಎರಡು ವರ್ಷದ ಹಿಂದೆ ಒಂದು ವಿಡಿಯೊ ಮಾಡಿ ಬಿಟ್ಟ. ಎಡಗಡೆ ಕಬ್ಬಾಳಿನ ಮಧುಕುಮಾರ ಚೆಂಡು ಒದೆಯುತ್ತಿದ್ದಾನೆ, ಬಲಗಡೆ ರಾಮನಗರದ ಆಫ್ತಾಬ್ ಒದೆಯುತ್ತಿದ್ದಾನೆ, ನಡುವೆ ಬೆಂಕಿ ಉರಿಯುತ್ತಿದೆ. ಒಬ್ಬ ‘ಕಬ್ಬಾಳು ಎಕ್ಸ್‌ಪ್ರೆಸ್’, ಇನ್ನೊಬ್ಬ ‘ರಾಮನಗರ ರಾಕೆಟ್’. ಇಬ್ಬರೂ ಎರಡು ಸಾವಿರದ ಹನ್ನೊಂದರಲ್ಲಿ ಹುಟ್ಟಿದವರು, ಯಾರು ಮೊದಲು ಇಂಡಿಯಾಕ್ಕೆ ಆಡುತ್ತಾರೆ, ಕಾಮೆಂಟ್ ಮಾಡಿ ಎಂದು ಕೆಳಗೆ ಬರೆದಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಫುಟ್ಬಾಲಿನಲ್ಲಿ ಒಂದು ಕಡೆಗೆ ಎಷ್ಟು ಜನ ಆಡುತ್ತಾರೆಂದು ತಿಳಿಯದವರೂ ಮಾಗಡಿಯಿಂದ ಕನಕಪುರದವರೆಗೆ ಟೀ ಅಂಗಡಿಗಳಲ್ಲಿ ಪಕ್ಷ ಕಟ್ಟಿಕೊಂಡು ಜಗಳವಾಡಿದರು.

ಕಬ್ಬಾಳಿನ ಹತ್ತಿರದ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ಯೋಗಾನಂದ ಆ ವಿಡಿಯೊವನ್ನು ಏನಿಲ್ಲವೆಂದರೂ ನಲವತ್ತು ಸಲ ನೋಡಿದ್ದ. ನಾಲ್ಕನೇ ಕ್ಲಾಸಿನಲ್ಲಿದ್ದ ಮಧುಕುಮಾರ ಪ್ರೈಮರಿ ಸ್ಕೂಲಿನ ಅಂಗಳದಲ್ಲಿ ತೆಂಗಿನಕಾಯಿಯ ಸಿಪ್ಪೆಯನ್ನು ಒದೆಯುತ್ತ ಆರು ಜನರನ್ನು ದಾಟಿಕೊಂಡು ಹೋದದ್ದನ್ನು ಮೊದಲು ಕಂಡವನೇ ಅವನು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂದು ಅವತ್ತೇ ಹೆಂಡತಿಗೆ ಹೇಳಿದ್ದ. ಆಮೇಲಿನ ಐದು ವರ್ಷ ದಿನವೂ ಬೆಳಿಗ್ಗೆ ಆರಕ್ಕೆ ಅವನನ್ನು ಮೈದಾನಕ್ಕೆ ಕರೆಸಿದ. ತನ್ನ ಸ್ವಂತ ಮಗಳ ಪೋಷಕರ ಸಭೆಗೆ ಎರಡು ಸಲ ಹೋಗದೆ ಇದ್ದದ್ದೂ ಉಂಟು.

ಆದರೆ ಮೊಳಕೆ ಮೊಳಕೆಯಾಗಿಯೇ ಉಳಿಯಿತು. ಈ ಎರಡು ವರ್ಷದಲ್ಲಿ ಆಫ್ತಾಬ್ ಒಂದು ಗೇಣು ಬೆಳೆದ, ತುಟಿಯ ಮೇಲೆ ಕಪ್ಪು ಗೆರೆ ಬಂತು, ದನಿ ಒಡೆಯಿತು, ಮೂವತ್ತು ಗಜದಿಂದ ಒದ್ದ ಚೆಂಡು ಗೋಲ್‌ಕೀಪರನ ಕೈಯನ್ನು ತಳ್ಳಿಕೊಂಡು ಬಲೆಗೆ ಬೀಳತೊಡಗಿತು. ಮಧುಕುಮಾರ ಇದ್ದಂತೆಯೇ ಇದ್ದ. ಕಾಲಿನ ಚಮಕು ಕಡಿಮೆಯಾಗಿರಲಿಲ್ಲ, ಚೆಂಡು ಎಲ್ಲಿಗೆ ಹೋಗಬೇಕೆಂದು ಎಲ್ಲರಿಗಿಂತ ಮೊದಲು ಅವನಿಗೇ ಹೊಳೆಯುತ್ತಿತ್ತು, ಆದರೆ ಯಾರಾದರೂ ಭುಜ ತಾಗಿಸಿದರೆ ಸಾಕು, ಬಿದ್ದ. ಸ್ವಾಮಿಯ ವಿಡಿಯೊದ ಕೆಳಗೆ ಜನರ ಮಾತೂ ಬದಲಾಯಿತು. ಎಕ್ಸ್‌ಪ್ರೆಸ್ ಲೇಟು ಅಂದರು, ಪ್ಯಾಸೆಂಜರ್ ಗಾಡಿ ಅಂದರು, ಕೊನೆಗೆ ಒಬ್ಬ ಗೂಡ್ಸ್ ಅಂದ.

ಯೋಗಾನಂದನಿಗೆ ಇದು ತನ್ನ ಕೈಗುಣಕ್ಕೆ ಬಂದ ಕುಂದು ಅನ್ನಿಸಿತು. ದಿನಕ್ಕೆ ಎರಡು ಮೊಟ್ಟೆ ತಿನ್ನಿಸಿದ. ಕಬ್ಬಾಳು ಬೆಟ್ಟ ಹತ್ತಿಸಿದ, ಇಳಿಸಿದ. ಉದ್ದವಾಗಲಿ ಎಂದು ಕಬ್ಬಿಣದ ಕಂಬಿಗೆ ಜೋತುಬೀಳಿಸಿದ. ಸ್ಕೂಲಿನ ಉಗ್ರಾಣದ ಗೋಡೆಗೆ ಅವನನ್ನು ಆನಿಸಿ ನಿಲ್ಲಿಸಿ ತಿಂಗಳಿಗೊಂದು ಇದ್ದಲ ಗೆರೆ ಎಳೆಯುತ್ತಿದ್ದ, ಒಂದರ ಮೇಲೊಂದು ಗೆರೆ ಬಿದ್ದು ಅಲ್ಲಿ ಒಂದು ಕಪ್ಪು ಪಟ್ಟಿಯೇ ಆಯಿತು. ಇದೆಲ್ಲದರ ಜೊತೆಗೆ ಬಾಯಿಯೂ ಸುಮ್ಮನಿರುತ್ತಿರಲಿಲ್ಲ. “ಆಫ್ತಾಬ್‌ನ ನೋಡ್ಲಾ, ಅವ್ನೂ ನಿನ್ ವಾರಿಗೆಯೋನೇ. ಅವ್ನೂ ಅನ್ನಾನೇ ತಿನ್ನೋದು,” ಎಂದು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ. ಹುಡುಗ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದ. ಎದುರು ಮಾತಾಡಿದ್ದರೆ ಮೇಷ್ಟ್ರಿಗೆ ಒಸಿ ಬುದ್ಧಿಯಾದರೂ ಬರುತ್ತಿತ್ತೋ ಏನೋ.

ಅಷ್ಟರಲ್ಲಿ ಬೆಂಗಳೂರಿನ ಹೊರಗಿದ್ದ ಒಂದು ಫುಟ್ಬಾಲ್ ಅಕಾಡೆಮಿಯವರು ಆಟಗಾರರನ್ನು ಹುಡುಕಿಕೊಂಡು ಬಂದರು. ಅಲ್ಲೇ ಊಟ, ಅಲ್ಲೇ ವಸತಿ, ಅಲ್ಲೇ ಸ್ಕೂಲು. ಹದಿನೈದರೊಳಗಿನವರ ತಂಡಕ್ಕೆ ನಮ್ಮ ಇಡೀ ಜಿಲ್ಲೆಯಿಂದ ಒಬ್ಬನೇ ಒಬ್ಬನನ್ನು ತೆಗೆದುಕೊಳ್ಳುತ್ತಾರೆ. ಆರಿಸಲು ಬಂದವರು ನಾಗರಾಜು ಎಂಬ ಮಾಜಿ ಆಟಗಾರರು, ಮಾತು ಕಡಿಮೆ, ಕೈಯಲ್ಲಿ ಸದಾ ಒಂದು ನೋಟ್‌ಬುಕ್ಕು. ಚನ್ನಪಟ್ಟಣದ ಮೈದಾನದಲ್ಲಿ ಜುಲೈ ತಿಂಗಳ ಒಂದು ಭಾನುವಾರ ಪರೀಕ್ಷೆ ಇಟ್ಟರು. ಯೋಗಾನಂದನಿಗೆ ಗೊತ್ತಿತ್ತು, ಮಧುಕುಮಾರನಿಗೆ ಇಲ್ಲಿ ಅವಕಾಶ ತಪ್ಪಿದರೆ ಮುಂದೆ ಬೆಟ್ಟದ ಕೆಳಗೆ ಗೋಲ್‌ಕೀಪರನೂ ಇಲ್ಲದ ಬಯಲಿನಲ್ಲಿ ಆಡಿಕೊಂಡಿರಬೇಕು, ಆಮೇಲೆ ಅದನ್ನೂ ಬಿಡಬೇಕು.

ಆಫ್ತಾಬ್‌ನನ್ನು ಕರೆತಂದವನು ಗೌಸ್. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಕಾರ್ಖಾನೆ ಇಟ್ಟುಕೊಂಡು, ಬೆಳಿಗ್ಗೆ ಮೊಹಲ್ಲಾದ ಹುಡುಗರಿಗೆ ಫುಟ್ಬಾಲ್ ಕಲಿಸುವವನು. ಯೋಗಾನಂದನೂ ಅವನೂ ಕಾಲೇಜಿನ ಟೀಮಿನಲ್ಲಿ ಒಟ್ಟಿಗೆ ಆಡಿದವರು, ಅಂದಿನಿಂದ ಇಂದಿನವರೆಗೆ ಒಬ್ಬರ ಕಾಲು ಒಬ್ಬರು ಎಳೆದುಕೊಂಡೇ ಬಂದವರು. ಮಾರುಕಟ್ಟೆಯಲ್ಲಿ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಎಷ್ಟು ದಿನದ್ದು ಎಂದು ಹೇಳಬಲ್ಲ ಗೌಸ್ ಹುಡುಗರನ್ನೂ ಹಾಗೇ ತಲೆ ವಾರೆ ಮಾಡಿ ನೋಡುತ್ತಿದ್ದ.

ಪರೀಕ್ಷೆಯಲ್ಲಿ ಏನಾಗಬೇಕಿತ್ತೋ ಅದೇ ಆಯಿತು. ಆಫ್ತಾಬ್ ಎರಡು ಗೋಲು ಹೊಡೆದ. ಮಧುಕುಮಾರ ಒಂದು ಚೆಂಡು ಕೊಟ್ಟ, ಮೂವರ ನಡುವಿನಿಂದ, ಸೂಜಿಗೆ ದಾರ ಪೋಣಿಸಿದ ಹಾಗೆ. ನಾಗರಾಜು ಕುರ್ಚಿಯಿಂದ ಎದ್ದು ನಿಂತು ನೋಡಿದರು. ಆದರೆ ಆಮೇಲೆ ಎದುರಿನವರು ಅವನನ್ನು ಗುರುತು ಹಾಕಿಕೊಂಡರು. ಐದು ಸಲ ಬೀಳಿಸಿದರು. ಆರನೇ ಸಲ ಯಾರದೋ ಮೊಣಕೈ ಬಡಿದು ಹುಡುಗ ಬಾಯಿ ಹಿಡಿದುಕೊಂಡು ಗೆರೆಯ ಹೊರಗೆ ಬಂದ, ಅಂಗೈಗೆ ರಕ್ತದ ಜೊತೆ ಒಂದು ದವಡೆ ಹಲ್ಲು ಉಗಿದ.

“ಹಲ್ಲು ಹೋದ್ರೆ ಹೋಯ್ತು, ಬಾಲ್ ಯಾಕ್ಲಾ ಬುಟ್ಟೆ?” ಎಂದ ಯೋಗಾನಂದ.

ಆ ಮಾತು ತನ್ನ ಬಾಯಿಂದಲೇ ಬಂದದ್ದೆಂದು ನಂಬಲು ಅವನಿಗೆ ಆಮೇಲೆ ಎಷ್ಟೋ ದಿನ ಕಷ್ಟವಾಯಿತು. ಆಗ ಮಾತ್ರ ಕೋಪ ಬಿಟ್ಟು ಬೇರೇನೂ ಇರಲಿಲ್ಲ. ಗೌಸ್ ನೀರಿನ ಬಾಟಲಿ ತಂದು ಹುಡುಗನ ಬಾಯಿ ತೊಳೆಸಿದ, ಹಲ್ಲನ್ನು ಎತ್ತಿ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ.

“ಯೋಗಣ್ಣ, ಇದ್ಕೆ ಬೇರು ಇಲ್ಲ ನೋಡು.”

“ನಿಂದೊಂದು ಕಡಿಮೆ ಆಗಿತ್ತು ಗೌಸ್. ಬಿಸಾಕತ್ಲಾಗೆ.”

ಸಂಜೆ ನಾಗರಾಜು ಇಬ್ಬರು ಕೋಚ್‌ಗಳನ್ನೂ ಕರೆದು ಕೂರಿಸಿದರು. “ನಿಮ್ಮ ಹುಡುಗನ ತಲೆ ಬಹಳ ಚೆನ್ನಾಗಿದೆ ಸಾರ್,” ಎಂದು ಯೋಗಾನಂದನಿಗೆ ಹೇಳಿದರು. “ಆದ್ರೆ ಹದಿನಾಲ್ಕು ತುಂಬಿದೆ. ಈ ವಯಸ್ಸಿಗೆ ಮೈ ಇಷ್ಟೇ ಅಂದ್ರೆ ನಾನು ಕಾಯೋ ಹಾಗಿಲ್ಲ. ಆದ್ರೂ ಇಬ್ರದೂ ಎಕ್ಸ್‌ರೇ ತೆಗೆಸಿಬಿಡಿ, ನಮ್ಮಲ್ಲಿ ಅದು ಕಡ್ಡಾಯ.”

ಎಕ್ಸ್‌ರೇ ಅಂದರೆ ಮುಂಗೈಯದು. ಮಣಿಕಟ್ಟಿನ ಮೂಳೆ ನೋಡಿ ಮಕ್ಕಳ ನಿಜವಾದ ವಯಸ್ಸು ಎಷ್ಟಿರಬಹುದೆಂದು ವೈದ್ಯರು ಅಂದಾಜು ಮಾಡುತ್ತಾರೆ. ಆ ಪದ ಕೇಳುತ್ತಲೇ ಯೋಗಾನಂದನಿಗೆ ಹಳೆಯದು ನೆನಪಾಯಿತು. ನಾಲ್ಕು ವರ್ಷದ ಹಿಂದೆ ಅವನ ತಂಡದ ಕ್ಯಾಪ್ಟನ್ ಒಬ್ಬ ಹೀಗೇ ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದಿದ್ದ. ದಾಖಲೆಯಲ್ಲಿ ಹದಿಮೂರು, ಮೂಳೆಯಲ್ಲಿ ಹದಿನಾರು. ಟೂರ್ನಿಯ ನಡುವೆಯೇ ಇಡೀ ತಂಡವನ್ನು ವಾಪಸು ಕಳಿಸಿದ್ದರು. ಮನೆಯವರು ಬರೆಸಿದ್ದ ವಯಸ್ಸು ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು? ಆದರೂ ಮೇಷ್ಟ್ರೇ ತಿದ್ದಿಸಿದ್ದು ಎಂದು ಊರು ಮಾತಾಡಿತು. ಆ ಹುಡುಗ ಮತ್ತೆ ಚೆಂಡು ಮುಟ್ಟಲಿಲ್ಲ.

ಇಬ್ಬರು ಹುಡುಗರೂ ರಾಮನಗರದಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಬಂದರು. ಗುರುವಾರ ಮೂರನೇ ಪೀರಿಯಡ್ಡಿನಲ್ಲಿ ನಾಗರಾಜು ಅವರ ಫೋನು ಬಂತು.

“ಸಾರ್, ಆಫ್ತಾಬ್‌ದು ಸರಿಯಾಗಿದೆ. ನಿಮ್ಮ ಹುಡುಗನ ಮೂಳೆಗೂ ಕಾಗದಕ್ಕೂ ತಾಳೆ ಆಗ್ತಿಲ್ಲ. ಒಂದೂವರೆ ವರ್ಷಕ್ಕಿಂತ ಜಾಸ್ತಿ ವ್ಯತ್ಯಾಸ. ಮನೆಯವರನ್ನ ವಿಚಾರಿಸಿ, ಅಸಲಿ ದಾಖಲೆ ಏನಿದೆಯೋ ಸೋಮವಾರದೊಳಗೆ ತನ್ನಿ.”

“ಆಯ್ತು ಸಾರ್,” ಎಂದ ಯೋಗಾನಂದ. ವ್ಯತ್ಯಾಸ ಯಾವ ಕಡೆಗೆ ಎಂದು ಕೇಳಲಿಲ್ಲ. ಕೇಳುವ ಅಗತ್ಯವೇ ಕಾಣಲಿಲ್ಲ. ಆಟದ ಮೈದಾನದಲ್ಲಿ ವಯಸ್ಸು ಸುಳ್ಳಾದರೆ ಅದು ಒಂದೇ ಕಡೆಗೆ ಸುಳ್ಳಾಗುತ್ತದೆ ಎಂದು ಅವನಿಗೆ ಪೆಟ್ಟು ತಿಂದು ಗೊತ್ತಿತ್ತು. ಮಧುಕುಮಾರನಿಗೆ ಹದಿನಾರು. ಹದಿನಾರಕ್ಕೆ ಈ ಎತ್ತರ, ಈ ಮೈ. ಅಂದರೆ ಬೆಳವಣಿಗೆಯೂ ಮುಗಿಯಿತು, ಆಟವೂ ಮುಗಿಯಿತು, ತನ್ನ ಮರ್ಯಾದೆಯೂ ಎರಡನೇ ಸಲ ಮುಗಿಯಿತು. ಹೆಡ್‌ಮಾಸ್ಟರಿಗೆ ತಲೆನೋವು ಎಂದು ಹೇಳಿ ಬೈಕು ಹತ್ತಿದ. ಸುಳ್ಳೇನಲ್ಲ, ತಲೆ ನಿಜವಾಗಿಯೂ ಸಿಡಿಯುತ್ತಿತ್ತು.

ಮಧುಕುಮಾರನ ಮನೆಯವರು ರೇಷ್ಮೆ ಬೆಳೆಯುವ ಒಕ್ಕಲು. ಅಪ್ಪ ಬೈರಪ್ಪ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದ. ಹುಳುಮನೆಯಲ್ಲಿ ಅಜ್ಜಿ ದೊಡ್ಡಲಕ್ಷ್ಮಮ್ಮ ತಟ್ಟೆಗಳ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಸೊಸೆ ಧನಲಕ್ಷ್ಮಿ, ಅಂದರೆ ಹುಡುಗನ ತಾಯಿ, ಕುಕ್ಕೆಯಿಂದ ಸೊಪ್ಪು ಎತ್ತಿಕೊಡುತ್ತಿದ್ದಳು. ಯೋಗಾನಂದ ಬಿರುಸಿನಲ್ಲಿ ಬಾಗಿಲಿಗೆ ಬಂದದ್ದೇ ಅಜ್ಜಿ ಅಲ್ಲಿಂದಲೇ ಕೈ ಅಡ್ಡ ತೋರಿಸಿದಳು.

“ಅಲ್ಲೇ ನಿಂತ್ಕಳಿ ಮೇಷ್ಟ್ರೇ, ಒಳೀಕ್ ಬರ್ಬೇಡಿ. ನಾಕ್ನೇ ಜ್ವರ ಎದ್ದಿರೋ ಹುಳ, ಹೊರಗ್ನೋರ ಸೋಂಕು ಆಗಾಕಿಲ್ಲ. ಇದೊಂದ್ ಸೊಪ್ಪು ಹಾಕ್ಬುಟ್ಟು ಬತ್ತೀನಿ.”

ಹುಳುಮನೆಯ ನಿಯಮವೇ ಹಾಗೆ. ಬಂದವನು ತಹಸೀಲ್ದಾರನಾದರೂ ಹೊಸ್ತಿಲ ಹೊರಗೇ ನಿಲ್ಲಬೇಕು, ಜ್ವರವೆಂದರೆ ಪೊರೆ ಬಿಡುವ ನಿದ್ದೆ, ಅದರಿಂದ ಎದ್ದು ಹಸಿದ ಹುಳು ಯಾರ ಕೋಪಕ್ಕೂ ಕಾಯುವುದಿಲ್ಲ. ಯೋಗಾನಂದ ಇಪ್ಪತ್ತು ನಿಮಿಷ ಬಿಸಿಲಿನಲ್ಲಿ ನಿಂತು ತಾನು ಆಡಬೇಕಾದ ಮಾತುಗಳನ್ನು ಹರಿತ ಮಾಡಿಕೊಂಡ. ಅಜ್ಜಿ ಕೈ ಒರೆಸಿಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕುಳಿತಳು. ಧನಲಕ್ಷ್ಮಿ ಬಾಗಿಲಲ್ಲೇ ನಿಂತಳು.

“ಅಜ್ಜಿ, ಸತ್ಯ ಹೇಳ್ಬುಡಿ. ಮಧು ಹುಟ್ಟಿದ್ದು ಯಾವಾಗ?”

ಅಜ್ಜಿ ತಲೆಯೆತ್ತಿ ಅವನನ್ನು ನೋಡಿದಳು. “ಯಾವ ಸಲದ್ದು ಕೇಳ್ತಿದ್ದೀರ?” ಎಂದಳು.

ಯೋಗಾನಂದನಿಗೆ ತನ್ನನ್ನು ಆಟ ಆಡಿಸುತ್ತಿದ್ದಾಳೆ ಅನ್ನಿಸಿತು. “ಮನ್ಷ ಎಷ್ಟ್ ಸಲ ಹುಟ್ತಾನಜ್ಜಿ?”

“ಎಲ್ರ ಮಾತ್ ನಂಗ್ ಗೊತ್ತಿಲ್ಲ. ಇವ್ನು ಎಲ್ಡ್ ಸಲ ಬಂದವ್ನೆ,” ಎಂದಳು ದೊಡ್ಡಲಕ್ಷ್ಮಮ್ಮ, ಇದರಲ್ಲಿ ಮುಚ್ಚುಮರೆ ಏನಿದೆ ಎನ್ನುವ ಹಾಗೆ. “ಮೊದ್ಲು ಬಂದಾಗ ಎಂಟ್ ತಿಂಗ್ಳು ಇದ್ದ. ಮಧುಕುಮಾರ ಅಂತ ಹೆಸ್ರಿಟ್ಟು ತೊಟ್ಲಿಗ್ ಹಾಕಿದ್ವಿ. ಜರ ಬಂತು, ಮೂರೇ ದಿನ, ಹೊಂಟೋದ. ನಾನು ಕಬ್ಬಾಳಮ್ಮನ ಮುಂದೆ ಹೋಗಿ ಕುಂತ್ಕಂಡೆ. ಕೊಟ್ಟಿದ್ನ ಯಾಕ್ ಕಿತ್ಕಂಡೆ, ವಾಪಸ್ ಕೊಡು ಅಂದೆ. ಮುಂದಿನ್ ವರ್ಸ ಕಾರ್ತೀಕದಲ್ಲಿ ತಾಯಿ ಕೊಟ್ಳು. ಅದೇ ಮೂತಿ, ಬಲಗಿವಿ ಹಿಂದ್ಗಡೆ ಅದೇ ಮಚ್ಚೆ. ಅವ್ನೇ ತಿರ್ಗಾ ಬಂದವ್ನೆ ಅಂದ್ಮ್ಯಾಲೆ ಬ್ಯಾರೆ ಹೆಸ್ರು ಯಾಕೆ? ಅದೇ ಹೆಸ್ರು ಇಟ್ವಿ.”

“ಕಾಗ್ದ?”

“ಮೊದಲ್ನೇ ಸಲದ್ದು ಇತ್ತಲ್ಲ. ಸ್ಕೂಲಿಗೆ ಅದ್ನೇ ಕೊಟ್ಟೆ, ಆಧಾರಿಗೂ ಅದ್ನೇ ಕೊಟ್ಟೆ. ಒಂದ್ ಜೀವಕ್ಕೆ ಎಲ್ಡ್ ಕಾಗ್ದ ಯಾವ್ ನ್ಯಾಯ?”

ಯೋಗಾನಂದ ಬೈಯಲು ತೆರೆದಿದ್ದ ಬಾಯಿ ತೆರೆದೇ ಇತ್ತು. ಕಾಗದದಲ್ಲಿರುವುದು ಮೊದಲ ಮಗುವಿನ ಹುಟ್ಟು, ಎರಡು ಸಾವಿರದ ಹನ್ನೊಂದರ ಮಾರ್ಚಿ. ಈಗ ಮೈದಾನದಲ್ಲಿ ಓಡುತ್ತಿರುವವನು ಅದರ ಮುಂದಿನ ವರ್ಷದ ಕಾರ್ತೀಕದಲ್ಲಿ ಹುಟ್ಟಿದವನು. ಬೆರಳು ಮಡಿಸಿ ಎಣಿಸಿದ. ತಪ್ಪಿತೆಂದು ಮತ್ತೆ ಎಣಿಸಿದ. ಹದಿನಾರಲ್ಲ. ಹದಿನಾಲ್ಕೂ ಅಲ್ಲ. ಮುಂದಿನ ಕಾರ್ತೀಕಕ್ಕೆ ಹುಡುಗನಿಗೆ ಹದಿಮೂರು ತುಂಬುತ್ತದೆ.

ಅಲ್ಲೇ ಜಗಲಿಯಿಂದಲೇ ನಾಗರಾಜು ಅವರಿಗೆ ಫೋನು ಹಚ್ಚಿದ. “ಸಾರ್, ವ್ಯತ್ಯಾಸ ಯಾವ ಕಡೆಗೆ?”

“ಕೆಳಗೆ ಸಾರ್. ನಾನು ಹೇಳಲಿಲ್ವಾ? ಮೂಳೆ ಹನ್ನೆರಡೂವರೆ ಅಂತಿದೆ. ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ವಯಸ್ಸು ಜಾಸ್ತಿ ಬರೆಸಿಕೊಂಡು ಬಂದವನನ್ನ ಇವತ್ತೇ ನೋಡಿದ್ದು.” ನಾಗರಾಜು ಮುಂದುವರಿಸಿದರು. “ಇದು ನಿಜ ಅಂತಾದ್ರೆ ಹದಿಮೂರರೊಳಗಿನ ಟೀಮಲ್ಲಿ ಅವನಿಗೆ ಜಾಗ ಇದೆ, ನಾನೇ ಕರ್ಕೊಳ್ತೀನಿ. ಆದ್ರೆ ಹುಟ್ಟಿದ ದಾಖಲೆ ಬೇಕು, ಸ್ಕೂಲಿನ ದಾಖಲೆ ತಿದ್ದಿಸೋಕೆ ಅರ್ಜಿ ಹಾಕ್ಬೇಕು. ಅದಿಲ್ಲದೆ ನಾನೇನೂ ಮಾಡೋಕಾಗಲ್ಲ.”

ಹೋದ ಜೀವ ಬಂದ ಹಾಗಾಯಿತು ಎಂದು ನಾವು ಸಣ್ಣಪುಟ್ಟದ್ದಕ್ಕೆಲ್ಲ ಹೇಳುತ್ತೇವೆ. ಯೋಗಾನಂದನಿಗೆ ಅವತ್ತು ಅದರ ಅರ್ಥ ಗೊತ್ತಾಯಿತು. ಮೊದಲು ನಗು ಬಂತು, ಆಮೇಲೆ ತಡೆಯಲಾರದಷ್ಟು ಅಳು ಬಂತು. ಬೇರಿಲ್ಲದ ಆ ಹಲ್ಲು ಹಾಲುಹಲ್ಲು. ಗೌಸ್ ಅದನ್ನೇ ಹೇಳಿದ್ದು. ಹಾಲುಹಲ್ಲು ಬೀಳುವ ಮಗುವನ್ನು ಮೀಸೆ ಬಂದವನ ಪಕ್ಕ ನಿಲ್ಲಿಸಿ ಎರಡು ವರ್ಷ ನೀನ್ಯಾಕೆ ಅವನ ಹಾಗಿಲ್ಲ ಎಂದು ಜೀವ ಹಿಂಡಿದವನು ತಾನು. ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ. ಮೇಷ್ಟ್ರಿಗೆ ಏನೋ ಬಡಿಯಿತೆಂದು ಅಜ್ಜಿ ಸೊಸೆಗೆ ನೀರು ತರಲು ಹೇಳಿದಳು.

ನೀರು ಕುಡಿದು ಯೋಗಾನಂದ ವಿಷಯ ಬಿಡಿಸಿ ಹೇಳಿದ. ಹುಡುಗನಿಗೆ ಅವನದೇ ಕಾಗದ ಮಾಡಿಸಬೇಕು, ಹಳೆಯದು ಇವನದಲ್ಲ ಎಂದು ಬರೆಸಬೇಕು. ಅಷ್ಟು ಕೇಳಿದ್ದೇ ದೊಡ್ಡಲಕ್ಷ್ಮಮ್ಮನ ಮುಖ ಬದಲಾಯಿತು.

“ಆಗಾಕಿಲ್ಲ,” ಎಂದಳು.

“ಅಜ್ಜಿ, ಅವ್ನ ಜೀವನದ ಪ್ರಶ್ನೆ.”

“ನಾನೂ ಅದ್ನೇ ಹೇಳ್ತಿರೋದು. ಅವ್ನೇ ಇವ್ನು ಅಂತ ತಾಯಿ ಮುಂದೆ ನಾನು ಒಪ್ಕಂಡಿವ್ನಿ. ಇವತ್ತು ಅವ್ನ್ ಬ್ಯಾರೆ, ಇವ್ನ್ ಬ್ಯಾರೆ, ಅವ್ನು ಸತ್ತೋದ ಅಂತ ಕಾಗ್ದದಲ್ಲಿ ಬರ್ಸಿದ್ರೆ ತಾಯಿ ಸುಮ್ಕಿರ್ತಾಳಾ? ಇವ್ನಿಗೇನಾರ ಆದ್ರೆ ನೀವ್ ತಂದ್ಕೊಡ್ತೀರಾ? ಆಟ ಇಲ್ದಿದ್ರೆ ಕತ್ತೆ ಬಾಲ ಹೋಯ್ತು. ಹುಡ್ಗ ಇರ್ಲಿ.”

ಅಜ್ಜಿ ಕಬ್ಬಾಳು ಬೆಟ್ಟದ ಕಡೆ ತಿರುಗಿ ಕೈ ಮುಗಿದಳು. ಇದು ಹಟವಲ್ಲ, ಹದಿಮೂರು ವರ್ಷದಿಂದ ಎದೆಯೊಳಗೆ ಬಚ್ಚಿಟ್ಟುಕೊಂಡ ಹೆದರಿಕೆ ಎಂದು ಯೋಗಾನಂದನಿಗೆ ತಿಳಿಯಿತು. ಸಿಕ್ಕ ಜೀವ ಮತ್ತೆ ಕೈಜಾರುವ ಹಾಗೆ ಕಂಡಿತು. ಎದ್ದು ನಿಂತ.

ಬಾಗಿಲಲ್ಲಿ ನಿಂತಿದ್ದ ಧನಲಕ್ಷ್ಮಿ ಆಗ ಬಾಯಿ ತೆರೆದಳು. ಐದು ವರ್ಷದಲ್ಲಿ ಆಕೆ ಯೋಗಾನಂದನ ಎದುರು ಕಾಫಿ ತಗೊಳಿ ಅನ್ನುವುದಕ್ಕಿಂತ ಹೆಚ್ಚು ಮಾತಾಡಿದ್ದಿಲ್ಲ.

“ಅತ್ತೆ, ನಾನೊಂದ್ ಮಾತ್ ಕೇಳ್ತೀನಿ. ಕಾರ್ತೀಕದಲ್ಲಿ ಒಂದಿನ ಪಾಯ್ಸ ಮಾಡ್ತೀನಲ್ಲ, ಯಾಕ್ ಮಾಡ್ತೀನಿ ಅಂತ ಯಾವತ್ತಾರ ಕೇಳಿದ್ರಾ?”

ಅಜ್ಜಿ ಬೆರಳಿಗಂಟಿದ ಸೊಪ್ಪಿನ ಕರೆ ಉಜ್ಜತೊಡಗಿದಳು.

“ಮಾರ್ಚಿ ತಿಂಗ್ಳಲ್ಲಿ ಎಲ್ರೂ ಹುಡ್ಗುಂಗೆ ಹೊಸ ಬಟ್ಟೆ ಹಾಕ್ತೀರ. ನಂಗೆ ಅವತ್ತು ಅನ್ನ ಇಳಿಯಾಕಿಲ್ಲ. ಅದು ಹೋದೋನ್ ಹುಟ್ಟಿದ್ ದಿನ. ನಾನ್ ಹೆತ್ತಿದ್ದು ಇಬ್ರುನ್ನ ಅತ್ತೆ, ಒಂದೇ ಕೂಸ್ನ ಎಲ್ಡ್ ಸಲ ಅಲ್ಲ. ನಿಮ್ ಮನ್ಸಿಗೆ ನೋವಾಯ್ತದೆ ಅಂತ ಸುಮ್ಕಿದ್ದೆ.” ಅವಳ ದನಿ ಒಂದಿಷ್ಟೂ ಏರಲಿಲ್ಲ. “ಇವ್ನು ದಿನಾ ಮನೆಗೆ ಬಂದು ನಾನ್ಯಾಕವ್ವ ಬೆಳೀತಿಲ್ಲ ಅಂತ ಕೇಳ್ತಾನೆ. ಸತ್ತೋನ್ ವಯಸ್ಸ ತಲೆ ಮ್ಯಾಲೆ ಹೊತ್ಕಂಡು ಇನ್ನೆಷ್ಟ್ ದಿನ ಓಡ್ಬೇಕು ಅವ್ನು? ತಾಯಿ ಕಬ್ಬಾಳಮ್ಮನೂ ಮಕ್ಳಿರೋಳಲ್ವಾ, ಅವ್ಳಿಗೆ ತಿಳಿಯಾಕಿಲ್ವಾ?”

ಒಳಗೆ ಹುಳುಗಳು ಸೊಪ್ಪು ಮೇಯುವ ಸದ್ದು ಕೇಳುತ್ತಿತ್ತು. ದೊಡ್ಡಲಕ್ಷ್ಮಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಸೊಸೆಯ ಕಡೆ ನೋಡಿದಳು.

“ಎಂಟ್ ತಿಂಗ್ಳಿಗೇ ಎದ್ದು ಕುಂತ್ಕತಿದ್ದ ಕನವ್ವ ಅವ್ನು,” ಎಂದಳು.

“ಹೂಂ ಅತ್ತೆ.”

“ಇವ್ನು ಹತ್ ತಿಂಗ್ಳಾದ್ರೂ ಕುಂತ್ಕಲಿಲ್ಲ.”

“ಹೂಂ. ಇವ್ನು ನಿಧಾನ.”

ಅಜ್ಜಿ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರೊಂದನ್ನು ತಂದಳು. ಅದರಲ್ಲಿದ್ದ ಜನನ ಪತ್ರವನ್ನು ಯೋಗಾನಂದನ ಕೈಗೆ ಕೊಡಲಿಲ್ಲ, ಸೊಸೆಯ ಕೈಗೆ ಕೊಟ್ಟಳು. “ನಿಂದು, ನೀನೇ ಇಟ್ಕೊ. ಏನ್ ಬರುಸ್ಬೇಕೋ ಬರ್ಸು,” ಎಂದು ಹೇಳಿ ಹುಳುಮನೆಗೆ ಹೋದಳು.

ಎರಡನೇ ಹೆರಿಗೆ ಧನಲಕ್ಷ್ಮಿಯ ತವರಾದ ಬೈರಮಂಗಲದಲ್ಲಿ ಆಗಿತ್ತು. ಶುಕ್ರವಾರ ಗೌಸನ ಓಮ್ನಿಯಲ್ಲಿ ಎಲ್ಲರೂ ಅಲ್ಲಿಗೆ ಹೋದರು. ತನ್ನ ಹುಡುಗ ಗೆದ್ದಾಗಿದೆ, ಇನ್ನೊಬ್ಬನ ಹುಡುಗನಿಗಾಗಿ ಅರ್ಧ ದಿನ ಕಾರ್ಖಾನೆ ಮುಚ್ಚಿಕೊಂಡು ಬರುವ ದರ್ದು ಗೌಸನಿಗೆ ಇರಲಿಲ್ಲ, ಆದರೂ ಬಂದ. ಆಸ್ಪತ್ರೆಯಲ್ಲಿ ಹಳೆಯ ರಿಜಿಸ್ಟರು ಅಚ್ಚುಕಟ್ಟಾಗಿ ಬಟ್ಟೆಯಲ್ಲಿ ಸುತ್ತಿಟ್ಟಿತ್ತು. ಧನಲಕ್ಷ್ಮಿ ಕೋಂ ಬೈರಪ್ಪ, ಗಂಡು ಮಗು, ಎರಡೂವರೆ ಕೇಜಿ, ಇಪ್ಪತ್ತು ನವೆಂಬರ್ ಎರಡು ಸಾವಿರದ ಹನ್ನೆರಡು. ಹುಟ್ಟನ್ನು ಆಗಲೇ ನೋಂದಾಯಿಸಿದ್ದರು, ಹೆಸರಿನ ಜಾಗ ಖಾಲಿಯಿತ್ತು. ಹೆಸರು ಕೊಟ್ಟು ಪತ್ರ ಪಡೆಯಲು ಈ ಮನೆಯಿಂದ ಯಾರೂ ಹೋಗಿರಲಿಲ್ಲ, ಅಷ್ಟೇ. ಅಕ್ಷರ ಬಾರದ ಅಜ್ಜಿಯೂ ಬಗ್ಗಿ ಆ ಸಾಲನ್ನು ನೋಡಿದಳು.

ಸ್ಕೂಲಿನ ದಾಖಲೆ ತಿದ್ದಲು ಕನಕಪುರದ ಕೋರ್ಟಿಗೆ ಅರ್ಜಿ ಹೋಯಿತು, ಆರು ತಿಂಗಳಾದರೂ ಹಿಡಿಯುತ್ತದೆಂದು ವಕೀಲರು ಹೇಳಿದರು. ನಾಗರಾಜು ರಿಜಿಸ್ಟರಿನ ನಕಲು, ಎಕ್ಸ್‌ರೇ, ಅರ್ಜಿ ಮೂರನ್ನೂ ನೋಡಿ, ಆದೇಶ ಬರುವವರೆಗೆ ಟೂರ್ನಿ ಆಡುವುದು ಬೇಡ, ಆದರೆ ತರಬೇತಿಗೆ ಬಂದು ಸೇರಲಿ ಎಂದರು. ಆಫ್ತಾಬ್ ಹದಿನೈದರೊಳಗಿನವರಿಗೆ, ಮಧುಕುಮಾರ ಸದ್ಯಕ್ಕೆ ಹದಿಮೂರರೊಳಗಿನವರಿಗೆ. ಒಬ್ಬರ ಜಾಗ ಒಬ್ಬರು ಕಿತ್ತುಕೊಳ್ಳಬೇಕಾಗಿಯೇ ಇರಲಿಲ್ಲ.

ಹುಡುಗನಿಗೆ ಸುದ್ದಿ ಹೇಳಿದ್ದು ಯೋಗಾನಂದನೇ. ಸಂಜೆ ಮೈದಾನದಲ್ಲಿ ಪಕ್ಕ ಕೂರಿಸಿಕೊಂಡು, “ನಿಂಗೆ ಹದಿನಾಲ್ಕಲ್ಲ ಕಣ್ಲಾ, ಹನ್ನೆರಡು,” ಎಂದ.

“ಅವ್ವ ಹೇಳ್ತು ಸಾರ್. ನಂಗೊಬ್ಬ ಅಣ್ಣ ಇದ್ನಂತೆ.” ಮಧುಕುಮಾರ ಹುಲ್ಲು ಕೀಳತೊಡಗಿದ. “ಸಾರ್, ನಾನು ಬೀಳ್ತಿದ್ದಿದ್ದು ಅದ್ಕೇನಾ?”

“ಅದ್ಕೇ.”

“ನಾನು ಕೆಟ್ಟೋಗ್ಬುಟ್ಟೆ ಅನ್ಕಂಡಿದ್ದೆ.”

ಯೋಗಾನಂದ ಅವನ ತಲೆಯ ಮೇಲೆ ಕೈಯಿಟ್ಟ. “ನೀನ್ ಕೆಟ್ಟಿಲ್ಲ, ನಾನ್ ಕೆಟ್ಟಿದ್ದೆ. ತಪ್ಪಾಯ್ತು ಕಣಪ್ಪ,” ಎಂದ. ಹದಿನೆಂಟು ವರ್ಷದ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಅವನು ಆ ಮಾತು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಮೈ ಹಗುರಾಯಿತು. ಹುಡುಗನಿಗೆ ಮಾತ್ರ ನಾಚಿಕೆಯಾಗಿ ಚೆಂಡು ಎತ್ತಿಕೊಂಡು ಓಡಿದ.

ಸೆಪ್ಟೆಂಬರಿನಲ್ಲಿ ಮನೆಯವರು ಬಂದು ನೋಡಬಹುದೆಂದು ಅಕಾಡೆಮಿಯವರು ಒಂದು ದಿನ ಗೊತ್ತು ಮಾಡಿದರು. ಹದಿಮೂರರೊಳಗಿನವರನ್ನೇ ಎರಡು ಪಾಲು ಮಾಡಿ ಆಡಿಸಿದರು. ಸ್ವಾಮಿಯೂ ಮೊಬೈಲು ಹಿಡಿದುಕೊಂಡು ಬಂದಿದ್ದ, ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಒಂದು ಹೊಸ ವಿಡಿಯೊ ಮಾಡೋಣ ಎಂದ. ಯೋಗಾನಂದ ಅವನಿಗೆ ಒಂದು ಎಳನೀರು ಕೊಡಿಸಿ, ಮೊಬೈಲು ಜೇಬಿನಲ್ಲಿಟ್ಟುಕೊಂಡು ಕುಡಿಯಲು ಹೇಳಿದ.

ಮಧುಕುಮಾರನಿಗೆ ಒಬ್ಬ ಹುಡುಗ ಭುಜ ಕೊಟ್ಟ. ಮಧುಕುಮಾರ ಬೀಳಲಿಲ್ಲ. ಇನ್ನೊಬ್ಬ ಕೊಟ್ಟ, ಅವನೇ ಬಿದ್ದ. ಸುತ್ತ ಇದ್ದವರೆಲ್ಲ ಅವನಷ್ಟೇ ಎತ್ತರದ, ಅವನಷ್ಟೇ ತೆಳ್ಳಗಿನ, ಹಲ್ಲು ಬೀಳುವ ಹುಟ್ಟುವ ವಯಸ್ಸಿನ ಹುಡುಗರು. ಅವರ ನಡುವೆ ಅವನ ಕಾಲಿಗೆ ಹಳೆಯ ಚಮಕು ಪೂರ್ತಿ ವಾಪಸು ಬಂದಿತ್ತು. ಯೋಗಾನಂದ ಗೆರೆಯ ಹೊರಗೆ ಕೈಕಟ್ಟಿಕೊಂಡು ನಿಂತು ಒಂದು ಸಲವೂ ಕೂಗಲಿಲ್ಲ. ಕೂಗುವಂಥದ್ದು ಏನೂ ಇರಲಿಲ್ಲ. ಆಟವನ್ನು ಸುಮ್ಮನೆ ಆಟವೆಂದು ನೋಡಿ ಎಷ್ಟು ಕಾಲವಾಗಿತ್ತೆಂದು ನೆನಪಿಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ.

ಅವನ ಹಿಂದೆ ಬೆಂಚಿನ ಮೇಲೆ ದೊಡ್ಡಲಕ್ಷ್ಮಮ್ಮನೂ ಧನಲಕ್ಷ್ಮಿಯೂ ಕುಳಿತಿದ್ದರು. ಬೇರೆ ಯಾವುದೋ ಊರಿನಿಂದ ಬಂದಿದ್ದ ಒಬ್ಬ ಹುಡುಗನ ತಂದೆ ಮಧುಕುಮಾರನ ಒಂದು ಪಾಸಿಗೆ ಚಪ್ಪಾಳೆ ತಟ್ಟಿ, ಅಜ್ಜಿಯ ಕಡೆ ತಿರುಗಿದ.

“ಚೆನ್ನಾಗಿ ಆಡ್ತಾನಮ್ಮ ನಿಮ್ ಮೊಮ್ಮಗ. ವಯಸ್ಸೆಷ್ಟು?”

ಯೋಗಾನಂದ ತಿರುಗಿ ನೋಡಲಿಲ್ಲ, ಆದರೆ ಕಿವಿ ಅಲ್ಲೇ ಇತ್ತು. ಅಜ್ಜಿ ಮೈದಾನದ ಕಡೆ ಬೆರಳು ತೋರಿಸಿದಳು.

“ಆಡ್ತಿರೋನ್ಗಾ? ಹನ್ನೆಲ್ಡು ಕನಪ್ಪ,” ಎಂದಳು. ಆಮೇಲೆ ಸೊಸೆಯ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದಳು, “ಇವ್ನು ಚಿಕ್ಕೋನು. ದೊಡ್ಡೋನ್ ಇದ್ದಿದ್ರೆ ಹದ್ನಾಕ್ ತುಂಬಿರೋದು.”